ತಂಡಗಳಲ್ಲಿ ಇಷ್ಟೊಂದು ಕಪ್ಪು ಆಟಗಾರರು ಇರುವಾಗ ಫುಟ್‌ಬಾಲ್‌ನಲ್ಲಿ ವರ್ಣಭೇದ ಇದೆ ಅನ್ನುವುದು ಹೇಗೆ?

ಮೈದಾನದೊಳಗೆ ಇದ್ದಾರೆ, ನಿಜ. ಆದರೆ ಮೈದಾನದ ಹೊರಗಿನ ಕುರ್ಚಿಗಳಲ್ಲಿ ಯಾರಿದ್ದಾರೆ ಅಂತಲೂ ನೋಡಬೇಕಲ್ವಾ? ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಶುರುವಾದದ್ದು 1992ರಲ್ಲಿ. ಬ್ರಿಟನ್ನಿನಲ್ಲೇ ಹುಟ್ಟಿದ ಕಪ್ಪು ಮ್ಯಾನೇಜರ್ (ತಂಡವನ್ನು ಆರಿಸಿ ಆಡಿಸುವ ಮುಖ್ಯ ತರಬೇತುದಾರ) ಅಲ್ಲಿ ಮೊದಲ ಸಲ ಬಂದದ್ದು 2008ರಲ್ಲಿ, ಬ್ಲ್ಯಾಕ್‌ಬರ್ನ್ ತಂಡಕ್ಕೆ ಪಾಲ್ ಇನ್ಸ್. ಅದೇ ಡಿಸೆಂಬರ್‌ನಲ್ಲಿ ಅವರನ್ನು ತೆಗೆದೂ ಆಯಿತು. ಇವತ್ತಿಗೂ ಕಪ್ಪು ಆಟಗಾರರು ಧಾರಾಳ, ಮ್ಯಾನೇಜರುಗಳು ಬೆರಳೆಣಿಕೆ.

ದೂರ ಯಾಕೆ, ನಮ್ಮ ಕಾಸರಗೋಡಿನಿಂದ ಮಲಪ್ಪುರದವರೆಗೆ ನಡೆಯುವ ಸೆವೆನ್ಸ್ ಪಂದ್ಯಗಳನ್ನೇ, ಅಂದರೆ ತಂಡಕ್ಕೆ ಏಳೇ ಜನ ಆಡುವ ಫುಟ್‌ಬಾಲನ್ನೇ ನೋಡಿ. ಘಾನಾ, ನೈಜೀರಿಯಾ, ಐವರಿ ಕೋಸ್ಟ್‌ನಿಂದ ದುಡ್ಡು ಕೊಟ್ಟು ಆಟಗಾರರನ್ನು ಕರೆಸುತ್ತಾರೆ. ಗೋಲು ಹೊಡೆದರೆ ಹೆಗಲ ಮೇಲೆ ಹೊತ್ತು ಕುಣಿಯುವವರೂ ಇದ್ದಾರೆ. ಆದರೆ 2024ರ ಮಾರ್ಚ್‌ನಲ್ಲಿ ಮಲಪ್ಪುರದ ಅರಿಕೋಡಿನಲ್ಲಿ ಪ್ರೇಕ್ಷಕರು ಐವರಿ ಕೋಸ್ಟ್‌ನ ಒಬ್ಬ ಆಟಗಾರನನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರು. ಬಣ್ಣ ಎತ್ತಿ ಬೈದರು ಅಂತಲೂ ಆತ ಪೊಲೀಸರಿಗೆ ದೂರು ಕೊಟ್ಟ. ಹೀಗಾಗಿ 'ನಮ್ಮ ಕಡೆ ಇದೆಲ್ಲ ಇಲ್ಲ' ಅಂತ ಸುಮ್ನೆ ಹೇಳುವ ಹಾಗಿಲ್ಲ.

ಶಿಕ್ಷೆ ಆಗುತ್ತದಾ? ಅಪರೂಪಕ್ಕೆ. ಬ್ರೆಜಿಲ್‌ನ ಕಪ್ಪು ಆಟಗಾರ ವಿನಿಸಿಯಸ್ ಜೂನಿಯರ್‌ನನ್ನು 2023ರಲ್ಲಿ ವಲೆನ್ಸಿಯಾದಲ್ಲಿ ಬಣ್ಣ ಎತ್ತಿ ಹೀಯಾಳಿಸಿದ ಮೂವರು ಪ್ರೇಕ್ಷಕರಿಗೆ ಮರುವರ್ಷ ಸ್ಪೇನಿನ ಕೋರ್ಟು 8 ತಿಂಗಳ ಸಜೆ ಹಾಕಿತು.