ದಾವಣಗೆರೆಯಲ್ಲಿ ಬೊಟಾಕ್ಸ್, ಫಿಲ್ಲರ್ ಹಾಕಿಸಬೇಕು. ಡಾಕ್ಟರನ್ನು ಏನು ನೋಡಿ ಆರಿಸಲಿ?

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು 38, ಹುಬ್ಬುಗಳ ನಡುವಿನ ಗೆರೆಗೆ ಬೊಟಾಕ್ಸ್, ಕಣ್ಣಿನ ಕೆಳಗಿನ ಕಪ್ಪಿಗೆ ಫಿಲ್ಲರ್ (ಚರ್ಮದಡಿ ತುಂಬಿಸುವ ಜೆಲ್) ಹಾಕಿಸಬೇಕು ಅಂತಿದ್ದೀರಿ. ಪರಿಚಯದ ಪಾರ್ಲರಿನವರು ಕಡಿಮೆ ದರ ಹೇಳಿದ್ದಾರೆ, ಒಂದು ಕ್ಲಿನಿಕ್ಕಿನ ಬೋರ್ಡಿನಲ್ಲಿ ‘ಕಾಸ್ಮೆಟಾಲಜಿಸ್ಟ್’ ಅಂತಿದೆ, ಇನ್ನೊಂದು ಕಡೆ ತಿಂಗಳಿಗೊಂದು ಭಾನುವಾರ ಬೆಂಗಳೂರಿಂದ ಡಾಕ್ಟರ್ ಬಂದು ಹೋಗುತ್ತಾರೆ. ಮೂರರಲ್ಲಿ ಯಾವುದು?

ಪಾರ್ಲರನ್ನು ಈಗಲೇ ಬಿಟ್ಟುಬಿಡಿ. ಬೊಟಾಕ್ಸ್ ಅಂದರೆ ಬೊಟುಲಿನಮ್ ಟಾಕ್ಸಿನ್, ಸ್ನಾಯು ಬಿಗಿಯುವುದನ್ನು ತಡೆಯುವ ಔಷಧಿ. ಡಾಕ್ಟರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. ಚುಚ್ಚುವವರ ಕೈ ಎಷ್ಟೇ ಪಳಗಿರಲಿ, ಹೆಚ್ಚುಕಡಿಮೆ ಆದರೆ ಚಿಕಿತ್ಸೆ ಕೊಡುವ ಅಧಿಕಾರ ಅವರಿಗಿಲ್ಲ, ಬೇಕಾದ ಔಷಧಿಯೂ ಅಲ್ಲಿರುವುದಿಲ್ಲ. ಸೂಜಿಯೇ ಇಲ್ಲದೆ ತುಟಿ ತುಂಬಿಸುತ್ತೇವೆ ಎಂದು ‘ಹೈಲುರಾನ್ ಪೆನ್’ ತೋರಿಸಿದರೆ ಅದಕ್ಕೂ ಒಪ್ಪಬೇಡಿ. ಒತ್ತಡದಿಂದ ನುಗ್ಗುವ ಜೆಲ್ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದು ಪೆನ್ ಹಿಡಿದವರ ಹತೋಟಿಯಲ್ಲಿ ಇರುವುದಿಲ್ಲ.

ಇನ್ನು ಬೋರ್ಡಿನ ವಿಷಯ. ‘ಕಾಸ್ಮೆಟಾಲಜಿಸ್ಟ್’, ‘ಎಸ್ಥೆಟಿಕ್ ಫಿಸಿಶಿಯನ್’ ಇವು ಪದವಿಗಳಲ್ಲ. ನೀವು ಹುಡುಕಬೇಕಾದದ್ದು ಎಂಬಿಬಿಎಸ್ ಆದಮೇಲೆ ಎಂಡಿ ಅಥವಾ ಡಿಎನ್‌ಬಿ ಡರ್ಮಟಾಲಜಿ, ಅಂದರೆ ಚರ್ಮರೋಗದ ಓದು (ಎಂಡಿ ಮುಂದೆ ‘ಡಿವಿಎಲ್’ ಅಂತ ಬರೆದಿರುತ್ತಾರೆ), ಇಲ್ಲವೇ ಡಿಡಿವಿಎಲ್ ಡಿಪ್ಲೊಮಾ, ಇಲ್ಲವೇ ಎಂಸಿಎಚ್ ಪ್ಲಾಸ್ಟಿಕ್ ಸರ್ಜರಿ. ವಾರಾಂತ್ಯದ ಕೋರ್ಸಿನ ಸರ್ಟಿಫಿಕೇಟ್ ಚೌಕಟ್ಟಿನಲ್ಲಿ ಎಷ್ಟು ಚಂದ ಕಂಡರೂ ಇವುಗಳ ಸಮಕ್ಕೆ ಬಾರದು. ಬರೀ ಎಂಬಿಬಿಎಸ್ ಮಾಡಿ ಈ ಕೆಲಸದಲ್ಲಿ ಚೆನ್ನಾಗಿ ಪಳಗಿದವರೂ ಇದ್ದಾರೆ, ಸುಳ್ಳು ಹೇಳಬಾರದು. ಆದರೆ ಕಣ್ಣಿನ ಕೆಳಗೆ ಮೊದಲ ಸಲ ಫಿಲ್ಲರ್ ಹಾಕಿಸುವವರಿಗೆ ನಾನು ಆ ದಾರಿ ಹೇಳಲಾರೆ.

ಡಿಗ್ರಿ ನಿಜವೇ ಎಂದು ನೋಡಲು ಹತ್ತು ನಿಮಿಷ ಸಾಕು. ಚೀಟಿಯ ಮೇಲಿರುವ ಕೆಎಂಸಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ನೋಂದಣಿ ಸಂಖ್ಯೆ ಬರೆದುಕೊಳ್ಳಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ‘ಇಂಡಿಯನ್ ಮೆಡಿಕಲ್ ರಿಜಿಸ್ಟರ್’ ತೆರೆದು, ಕರ್ನಾಟಕ ಮೆಡಿಕಲ್ ಕೌನ್ಸಿಲ್ ಆರಿಸಿ, ಸಂಖ್ಯೆ ಅಥವಾ ಹೆಸರು ಹಾಕಿ. ಎಂಬಿಬಿಎಸ್ ಒಂದು ಕಡೆ, ಎಂಡಿಯಂಥವು ಹೆಚ್ಚುವರಿ ಅರ್ಹತೆಯ ಜಾಗದಲ್ಲಿ ಬರುತ್ತವೆ. ಅಲ್ಲಿ ಖಾಲಿಯಿದ್ದರೆ ಕೂಡಲೇ ಅನುಮಾನ ಬೇಡ, ಮಾಹಿತಿ ಸೇರಿಸುವುದು ತಡವಾಗಿರಬಹುದು. ಎಂಡಿ ನೋಂದಾಯಿಸಿದ ಕೌನ್ಸಿಲ್ ಪತ್ರ ತೋರಿಸಿ ಎಂದು ಕೇಳಿ. ಓದಿದ ಡಾಕ್ಟರಿಗೆ ಇದರಿಂದ ಬೇಸರವಾಗುವುದಿಲ್ಲ. ಜತೆಗೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಕೆಳಗೆ ಪಡೆದ ನೋಂದಣಿ ಪತ್ರ ಗೋಡೆಯ ಮೇಲೆ ಇರಬೇಕು. ಅದರಲ್ಲಿರುವ ಹೆಸರು, ವಿಳಾಸ ನೀವು ನಿಂತಿರುವ ಕ್ಲಿನಿಕ್ಕಿನದೇ ಆಗಿರಲಿ.

ಇಷ್ಟು ದಾಟಿದವರನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: “ಡಾಕ್ಟ್ರೇ, ಹೈಲುರೊನಿಡೇಸ್ ನಿಮ್ಮ ಹತ್ತಿರ ಈಗ ಎಷ್ಟು ವಯಲ್ ಇದೆ?”

ವಯಲ್ ಅಂದರೆ ಔಷಧಿಯ ಪುಟ್ಟ ಬಾಟಲಿ. ಈ ಪ್ರಶ್ನೆ ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಸಾಮಾನ್ಯವಾಗಿ ಬಳಸುವ ಫಿಲ್ಲರ್ ಹೈಲುರಾನಿಕ್ ಆಸಿಡ್‌ನ ಜೆಲ್, 1 ಮಿಲಿ ಸಿರಿಂಜಿನಲ್ಲಿ ಬರುತ್ತದೆ. ಅದು ರಕ್ತನಾಳದೊಳಗೆ ಹೋದರೆ, ಇಲ್ಲವೇ ನಾಳವನ್ನು ಒತ್ತಿಹಿಡಿದರೆ, ಮುಂದಿನ ಚರ್ಮಕ್ಕೆ ರಕ್ತ ಹೋಗುವುದಿಲ್ಲ. ಚುಚ್ಚಿದ ಜಾಗ ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತದೆ, ಆಮೇಲೆ ಬಲೆ ಹೆಣೆದ ಹಾಗೆ ನೇರಳೆ ಗೆರೆಗಳು ಮೂಡುತ್ತವೆ. ಬೆರಳಿನಿಂದ ಒತ್ತಿ ಬಿಟ್ಟರೆ ಮಾಮೂಲಿಯಾಗಿ ಒಂದೆರಡು ಸೆಕೆಂಡಿನಲ್ಲಿ ಕೆಂಪು ವಾಪಸು ಬರಬೇಕು; ಇಲ್ಲಿ ಬರುವುದಿಲ್ಲ, ಬಂದರೂ ನಿಧಾನ. ನೋವು ಇರಲೇಬೇಕೆಂದಿಲ್ಲ, ಏಕೆಂದರೆ ಎಷ್ಟೋ ಫಿಲ್ಲರ್‌ಗಳಲ್ಲಿ ಮರಗಟ್ಟಿಸುವ ಲಿಡೊಕೇನ್ ಬೆರೆತಿರುತ್ತದೆ. ಬಿಟ್ಟರೆ ಚರ್ಮ ಸತ್ತು ಕಲೆಯಾಗುತ್ತದೆ. ಜೆಲ್ ಕಣ್ಣಿನ ನಾಳಕ್ಕೆ ಹಿಮ್ಮುಖವಾಗಿ ಹರಿದರೆ ದೃಷ್ಟಿಯೇ ಹೋಗಬಹುದು, ಅಲ್ಲಿ ಉಳಿಸಿಕೊಳ್ಳಲು ಸಿಗುವ ಸಮಯ ಹೆಚ್ಚೆಂದರೆ ಒಂದೂವರೆ ಗಂಟೆ. ಹುಬ್ಬಿನ ನಡುವೆ ಮತ್ತು ಮೂಗಿಗೆ ಫಿಲ್ಲರ್ ಹಾಕುವುದು ಈ ದೃಷ್ಟಿಯಿಂದ ಅತಿ ಅಪಾಯದ ಕೆಲಸ. ನಿಮ್ಮ ಹುಬ್ಬಿನ ಗೆರೆಗೆ ‘ಬೊಟಾಕ್ಸ್ ಬೇಡ, ಫಿಲ್ಲರೇ ತುಂಬಿಬಿಡೋಣ’ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ.

ಈ ಜೆಲ್ಲನ್ನು ಕರಗಿಸುವ ಔಷಧಿಯೇ ಹೈಲುರೊನಿಡೇಸ್. ಕಣ್ಣಿನ ಆಪರೇಷನ್‌ಗೆ ಮುಂಚೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಜತೆ ಬೆರೆಸುವುದೂ ಇದನ್ನೇ, ಹಾಗಾಗಿ ನಮ್ಮೂರಿನಲ್ಲಿ ತರಿಸಿಡುವುದು ದೊಡ್ಡ ಮಾತಲ್ಲ. 1500 ಯೂನಿಟ್‌ನ ವಯಲ್ ಸಿಗುತ್ತದೆ. ನಾಳ ಕಟ್ಟಿಕೊಂಡಾಗ ಚರ್ಮದ ಬಣ್ಣ ತಿರುಗುವವರೆಗೆ ಗಂಟೆಗೊಮ್ಮೆ ಮತ್ತೆ ಮತ್ತೆ ಕೊಡಬೇಕಾಗುತ್ತದೆ, ಒಂದು ವಯಲ್ ಇಟ್ಟುಕೊಂಡರೆ ಸಾಲದು. “ಮೂರು ನಾಲ್ಕು ಇದೆ, ಫ್ರಿಜ್ ತೋರಿಸ್ತೀನಿ ಬನ್ನಿ” ಎನ್ನುವವರು ಸರಿಯಾದವರು. “ಅದೆಲ್ಲ ಆಗೋದೇ ಇಲ್ಲ ಬಿಡಿ” ಎಂದರೆ ಅಲ್ಲಿಗೆ ಬಿಡಿ. ಇನ್ನೊಂದು ಮಾತು: ಸಿಲಿಕೋನ್‌ನಂಥ ‘ಪರ್ಮನೆಂಟ್’ ಫಿಲ್ಲರ್ ಈ ಔಷಧಿಗೆ ಕರಗುವುದಿಲ್ಲ. ಅದನ್ನು ಮುಖಕ್ಕೆ ಹಾಕಿಸಲೇಬೇಡಿ.

ಭಾನುವಾರದ ಡಾಕ್ಟರ ಉತ್ತರವೂ ಇಲ್ಲೇ ಸಿಗುತ್ತದೆ. ಅವರು ಎಷ್ಟೇ ಓದಿದವರಿರಲಿ, ಸಂಜೆ ರೈಲು ಹತ್ತಿದಮೇಲೆ ಬೆಂಗಳೂರು ಇಲ್ಲಿಗೆ 260 ಕಿಲೋಮೀಟರ್. ಚರ್ಮ ಬಣ್ಣ ಬದಲಿಸುವುದು ಕೆಲವೊಮ್ಮೆ ರಾತ್ರಿ, ಕೆಲವೊಮ್ಮೆ ಮರುದಿನ ಗೊತ್ತಾಗುತ್ತದೆ. ಸೋಮವಾರ ನಿಮ್ಮನ್ನು ನೋಡುವ ಚರ್ಮ ತಜ್ಞರು ಊರಿನಲ್ಲಿ ಯಾರು, ಅವರು ಒಪ್ಪಿದ್ದಾರೆಯೇ, ಅವರ ಫೋನ್ ಯಾವುದು, ಇಷ್ಟಕ್ಕೆ ಉತ್ತರ ಬರೆದುಕೊಟ್ಟರೆ ಮಾತ್ರ ಹೋಗಿ. ಚಿತ್ರದುರ್ಗ, ಹೊಳಲ್ಕೆರೆ ಕಡೆಯಿಂದ ಬಂದು ಹಾಕಿಸಿಕೊಳ್ಳುವವರು ಆ ರಾತ್ರಿ ಇಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು.

ಬೊಟಾಕ್ಸ್‌ನಲ್ಲಿ ಇಂಥ ಗಂಡಾಂತರ ಕಡಿಮೆ, ಮೋಸ ಹೆಚ್ಚು. ಹುಬ್ಬು ಗಂಟಿಕ್ಕಿದಾಗ ಬೀಳುವ ಗೆರೆಗೆ ಮೂಲ ಬೊಟಾಕ್ಸ್‌ನ ಪ್ರಮಾಣಿತ ಡೋಸ್ 20 ಯೂನಿಟ್: ಐದು ಜಾಗ, ಜಾಗಕ್ಕೆ 4 ಯೂನಿಟ್. 100 ಯೂನಿಟ್ ವಯಲ್‌ಗೆ 2.5 ಮಿಲಿ ಸಲೈನ್ ಬೆರೆಸಿದರೆ ಪ್ರತಿ 0.1 ಮಿಲಿಯಲ್ಲಿ 4 ಯೂನಿಟ್ ಬರುತ್ತದೆ. ಅದೇ ವಯಲ್‌ಗೆ 5 ಮಿಲಿ ಸುರಿದು ಅಷ್ಟೇ ಚುಚ್ಚಿದರೆ ನಿಮಗೆ ಸಿಕ್ಕಿದ್ದು ಅರ್ಧ ಔಷಧಿ. ಆದ್ದರಿಂದ ‘ಏರಿಯಾಗೆ ಇಷ್ಟು’ ಎಂಬ ದರಕ್ಕಿಂತ ಯೂನಿಟ್ ಲೆಕ್ಕ ಕೇಳಿ, ಬಿಲ್ಲಿನಲ್ಲಿ ಬರೆಸಿ. ಡಿಸ್‌ಪೋರ್ಟ್ ಎಂಬ ಇನ್ನೊಂದು ಬ್ರ್ಯಾಂಡಿನ ಯೂನಿಟ್ ಬೇರೆ ಅಳತೆ, ಅದೇ ಜಾಗಕ್ಕೆ 50 ಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ವಯಲ್ ನಿಮ್ಮ ಕಣ್ಣೆದುರೇ ತೆರೆಯಲಿ. ಬೊಟಾಕ್ಸ್ ಬಾಟಲಿ ಬಹುತೇಕ ಖಾಲಿ ಇದ್ದಂತೆ ಕಾಣುತ್ತದೆ, ತಳದಲ್ಲಿ ತೆಳ್ಳಗೆ ಬಿಳಿ ಪೊರೆಯಷ್ಟೇ. ಸಲೈನ್ ತುಂಬಿದ ಸಿರಿಂಜಿನ ಸೂಜಿ ರಬ್ಬರ್ ಬಿರಡೆ ದಾಟುತ್ತಿದ್ದಂತೆ ಡಾಕ್ಟರು ಒತ್ತದೆಯೇ ನೀರು ಒಳಗೆ ಎಳೆದುಕೊಳ್ಳಬೇಕು, ಒಳಗೆ ನಿರ್ವಾತ ಇರುತ್ತದೆ. ಎಳೆಯದಿದ್ದರೆ ಆ ವಯಲ್ ಎಸೆಯಬೇಕು. ಬೆರೆಸಿದಮೇಲೆ 2ರಿಂದ 8 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕೆಂದು ಕಂಪನಿಯೇ ಹೇಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ, ಕರೆಂಟ್ ಹೋಗಿ ಬರುವ ದಿನಗಳಲ್ಲಿ, ಫ್ರಿಜ್‌ಗೆ ಯುಪಿಎಸ್ ಇದೆಯೇ, ಔಷಧಿ ಐಸ್ ಪ್ಯಾಕ್ ಇಟ್ಟ ಥರ್ಮಾಕೋಲ್ ಡಬ್ಬಿಯಲ್ಲೇ ಬಂದಿದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬ್ರ್ಯಾಂಡ್, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕದ ಫೋಟೊ ತೆಗೆದುಕೊಳ್ಳಿ.

ಗುಣ ಮೂರ್ನಾಲ್ಕು ದಿನಕ್ಕೆ ಶುರುವಾಗಿ ಎರಡು ವಾರಕ್ಕೆ ಪೂರ್ತಿ ಕಾಣುತ್ತದೆ, ಮೂರ್ನಾಲ್ಕು ತಿಂಗಳು ಇರುತ್ತದೆ. ಔಷಧಿ ಕೆಳಗೆ ಹರಡಿದರೆ ಕಣ್ಣಿನ ರೆಪ್ಪೆ ಜೋತುಬೀಳುತ್ತದೆ. ಅದಕ್ಕೆ ಪ್ರತಿಮದ್ದಿಲ್ಲ, ವಾರಗಟ್ಟಲೆ ಕಾಯಬೇಕು. ಹುಬ್ಬಿನ ಮೂಳೆಗಿಂತ 1 ಸೆಂಟಿಮೀಟರ್ ಮೇಲೆ ಚುಚ್ಚಬೇಕೆಂಬ ಎಚ್ಚರ ಇದಕ್ಕೇ. ನೀವೂ ನಾಲ್ಕು ಗಂಟೆ ಮಲಗದೆ, ಮುಖ ಉಜ್ಜದೆ ಇರಿ. ಮನೆಯಲ್ಲಿ ಮದುವೆ ಇದ್ದರೆ ತಿಂಗಳು ಮುಂಚೆಯೇ ಮುಗಿಸಿ. ಗರ್ಭಿಣಿ, ಮಗುವಿಗೆ ಹಾಲೂಡಿಸುವವರು, ಮಯಸ್ತೇನಿಯಾದಂಥ ಸ್ನಾಯು ದೌರ್ಬಲ್ಯ ಇರುವವರು ಇದನ್ನು ಹಾಕಿಸಿಕೊಳ್ಳಬಾರದು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ, ಚುಚ್ಚಿದಲ್ಲಿ ರಕ್ತ ಹೆಪ್ಪುಗಟ್ಟಿ ಕಲೆಯಾದೀತೆಂದು ನೀವಾಗಿಯೇ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನು ಕೇಳಿ.

ಕೊನೆಗೆ ನಿಮ್ಮ ಕಣ್ಣಿನ ಕೆಳಗಿನ ಕಪ್ಪು. ದುಡ್ಡು ಕಟ್ಟುವ ಮುಂಚೆ ಕನ್ನಡಿ ಎದುರು ನಿಂತು ಮೊಬೈಲ್ ಟಾರ್ಚನ್ನು ನೇರವಾಗಿ ಮುಖಕ್ಕೆ ಹಿಡಿಯಿರಿ. ಕಪ್ಪು ಮಾಯವಾದರೆ ಅದು ಗುಳಿಯ ನೆರಳು, ಫಿಲ್ಲರ್‌ನಿಂದ ಪ್ರಯೋಜನ ಇರಬಹುದು. ಹಾಗೇ ಉಳಿದರೆ ಚರ್ಮದ್ದೇ ಬಣ್ಣ, ಎಷ್ಟು ತುಂಬಿಸಿದರೂ ಹೋಗದು. ತೆಳು ಚರ್ಮದಡಿ ಜೆಲ್ ಮೇಲ್ಮೇಲೆ ನಿಂತರೆ ನೀಲಿ ಛಾಯೆ ಬೇರೆ ಸೇರಿಕೊಳ್ಳುತ್ತದೆ. ಬಾಪೂಜಿ ಆಸ್ಪತ್ರೆಯಲ್ಲೋ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೋ ಚರ್ಮದ ಡಾಕ್ಟರಿಗೆ ಮೊದಲು ಅದನ್ನೊಂದು ತೋರಿಸಿ. ಹುಬ್ಬಿನ ಗೆರೆ ಆಮೇಲೆ ನೋಡಿದರಾಯಿತು.