ರಿಗ್ಗಿನಲ್ಲಿ ಪೈಪಿನ ಪಿರಿ ಕೈಕೊಡುವುದು ಯಾಕೆ?

ತಮ್ಮನಿಗೆ ಒಮಾನಿನಲ್ಲಿ ಎಣ್ಣೆಬಾವಿ ಕೊರೆಯುವ ರಿಗ್ಗಿನಲ್ಲಿ ಕೆಲಸ ಸಿಕ್ಕಿದೆ, ಎಣ್ಣೆಬಾವಿಯ ಪೈಪುಗಳ ಥ್ರೆಡ್ ಯಾಕೆ ಹಾಳಾಗುತ್ತದೆ, ಅದನ್ನು ತಡೆಯುವುದು ಹೇಗೆ ಎಂದು ಕೇಳಿದ್ದೀರಿ. ನಾನು ಬದಿಯಡ್ಕದ ಹತ್ತಿರದವನು. ಗಲ್ಫಿನ ಮರುಭೂಮಿಯಲ್ಲಿ ಹನ್ನೊಂದು ವರ್ಷ ರಿಗ್ ಫ್ಲೋರಿನಲ್ಲಿ ದುಡಿದು, ಈಗ ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಇಂಜಿನಿಯರ್ ಅಲ್ಲ, ಕೈಯಾರೆ ಮಾಡಿದ್ದನ್ನು ಹೇಳುತ್ತೇನೆ.

ಥ್ರೆಡ್ಡಿಗೆ ನಮ್ಮ ಕಡೆ ಪಿರಿ ಅನ್ನುವುದು. ತಲೆಯ ಪಿರಿ ಲೂಸಾದವರನ್ನು ಊರಿನವರು ಹೇಗೋ ಸುಧಾರಿಸುತ್ತಾರೆ. ಮೂರು ಕಿಲೋಮೀಟರ್ ಆಳದಲ್ಲಿ ಪೈಪಿನ ಪಿರಿ ಲೂಸಾದರೆ ಸುಧಾರಿಸುವವರಿಲ್ಲ.

ಬೋರ್‌ವೆಲ್ಲಿನ ಜಿಐ ಪೈಪಿಗೆ ಟೇಪ್ ಸುತ್ತಿ ಬಿಗಿದು ಅಭ್ಯಾಸವಾದ ನಮಗೆ, ನೀರು ತಡೆಯುವುದು ಪಿರಿಯೇ ಎಂಬ ಭಾವನೆ ಇರುತ್ತದೆ. ಬಾವಿ ಕೊರೆಯಲು ತಿರುಗಿಸುವ ಡ್ರಿಲ್ ಪೈಪಿನಲ್ಲಿ ಹಾಗಲ್ಲ. ಗಂಡು ತುದಿ ಪಿನ್, ಹೆಣ್ಣು ತುದಿ ಬಾಕ್ಸ್. ಎರಡಕ್ಕೂ ಚಪ್ಪಟೆ ಭುಜ, ಅಂದರೆ ಶೋಲ್ಡರ್ ಇರುತ್ತದೆ. ಭುಜಕ್ಕೆ ಭುಜ ಒತ್ತಿ ಕೂತರೇ ಸೀಲ್. ಪಿರಿಯ ಕೆಲಸ ಅವೆರಡನ್ನು ಎಳೆದು ಹಿಡಿಯುವುದು ಮಾತ್ರ.

ಇದು ನನಗೆ ಅರ್ಥವಾದದ್ದು ಒಂದು ರಾತ್ರಿ ಪಾಳಿಯಲ್ಲಿ. ಕೊರೆಯುವಾಗ ಪೈಪಿನೊಳಗೆ ಹರಿಸುವ ಕೆಸರಿನಂಥ ದ್ರವಕ್ಕೆ ಮಡ್ ಅನ್ನುವುದು. ಅದನ್ನು ತಳ್ಳುವ ಪಂಪಿನ ಸ್ಟ್ರೋಕ್ ಅಷ್ಟೇ ಇದೆ, ಒತ್ತಡ ಮಾತ್ರ 2,800 ಪಿಎಸ್‌ಐ ಇದ್ದದ್ದು ಸ್ವಲ್ಪಸ್ವಲ್ಪವೇ ಇಳಿದು 2,600ಕ್ಕೆ ಬಂತು. ಡ್ರಿಲ್ಲರ್ ಮೊದಲು ಪಂಪಿನ ವಾಲ್ವ್ ನೋಡಿಸಿದ, ಸರಿ ಇತ್ತು. ಪೈಪುಗಳನ್ನು ಮೇಲೆಳೆಯುತ್ತಾ ಬಂದೆವು. ಒಂದು ಬಾಕ್ಸಿನ ಭುಜದಲ್ಲಿ ಬೆರಳು ಹೋಗುವಷ್ಟು ಗೀರು, ಮಳೆನೀರು ಮುರಕಲ್ಲನ್ನು ಕೊರೆದ ಹಾಗೆ. ಒಳಗಿನ ಮಡ್ ಅಲ್ಲಿಂದಲೇ ಚಿಮ್ಮುತ್ತಿತ್ತು. ಇನ್ನೊಂದೆರಡು ಗಂಟೆ ತಿರುಗಿಸಿದ್ದರೆ ಪೈಪ್ ಅಲ್ಲೇ ತುಂಡಾಗಿ, ಕೆಳಗಿನದ್ದೆಲ್ಲ ಬಾವಿಯಲ್ಲೇ ಉಳಿಯುತ್ತಿತ್ತು. ಕಾರಣ ಏನು ಗೊತ್ತೇ? ಗಾಳಿ ಎದ್ದ ದಿನ ಗ್ರೀಸ್ ಡಬ್ಬಿಯ ಮುಚ್ಚಳ ತೆರೆದಿಟ್ಟದ್ದು. ಗ್ರೀಸಿನೊಟ್ಟಿಗೆ ಮರಳೂ ಭುಜದ ಮೇಲೆ ಕೂತಿತ್ತು. ತೆರೆದಿಟ್ಟವನು ಯಾರು ಅಂತ ಕೇಳಬೇಡಿ ಮಾರಾಯ್ರೇ, ಬ್ರಶ್ ಇದ್ದದ್ದು ನನ್ನ ಕೈಯಲ್ಲೇ.

ಆ ಗ್ರೀಸಿಗೆ ರಿಗ್ಗಿನಲ್ಲಿ ಡೋಪ್ ಅನ್ನುತ್ತಾರೆ. ಡ್ರಿಲ್ ಪೈಪಿನದ್ದು ಬೇರೆ, ಬಾವಿಯ ಗೋಡೆ ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪಿನದ್ದು ಬೇರೆ. ಅದಲುಬದಲು ಮಾಡಬಾರದು, ಗಟ್ಟಿಯಾಯಿತೆಂದು ಡೀಸೆಲ್ ಬೆರೆಸಲೂಬಾರದು. ಯಾರ್ಡಿನಲ್ಲಿ ತುಕ್ಕು ಹಿಡಿಯದಿರಲು ಬಳಿದದ್ದನ್ನು ಪೂರ್ತಿ ತೊಳೆದು, ಒರೆಸಿ, ಆಮೇಲೆ ಡೋಪ್ ಹಚ್ಚಬೇಕು. ಡೋಪಿಗೆ ಫ್ರಿಕ್ಷನ್ ಫ್ಯಾಕ್ಟರ್ ಎಂಬ ಒಂದು ಅಂಕೆ ಕೊಟ್ಟಿರುತ್ತಾರೆ. ಅದು 1.15 ಆಗಿದ್ದರೆ, ಟಾರ್ಕಿನ, ಅಂದರೆ ತಿರುಚಿ ಬಿಗಿಯುವ ಬಲದ, ಪಟ್ಟಿಯಲ್ಲಿ 20,000 ಫುಟ್-ಪೌಂಡ್ ಎಂದಿರುವಲ್ಲಿ 23,000ಕ್ಕೆ ಬಿಗಿಯಬೇಕು. ಇದನ್ನು ನೋಡುವವರು ಕಡಿಮೆ.

ಪೈಪ್ ಹಿಡಿದು ಬಿಗಿಯುವ ದೊಡ್ಡ ಇಕ್ಕಳಕ್ಕೆ ಟಾಂಗ್ ಅನ್ನುವುದು. ಅದರ ಕೋನದ್ದೂ ಇದೇ ಕಥೆ. ನಾಲ್ಕು ಅಡಿ ಉದ್ದದ ಟಾಂಗನ್ನು 5,000 ಪೌಂಡ್ ಬಲದಿಂದ ಎಳೆದರೆ 20,000 ಸಿಗುವುದು, ಎಳೆಯುವ ಹಗ್ಗ ಟಾಂಗಿಗೆ ಸರಿಯಾಗಿ 90 ಡಿಗ್ರಿ ಇದ್ದಾಗ ಮಾತ್ರ. 60 ಡಿಗ್ರಿಗೆ ಬಂದರೆ ಸಿಗುವುದು 17,300ರಷ್ಟೇ, ಗೇಜು ಮಾತ್ರ ಅದೇ 5,000 ತೋರಿಸುತ್ತಿರುತ್ತದೆ. ಕಡಿಮೆ ಬಿಗಿದ ಜೋಡಣೆ ಕೆಳಗೆ ತಿರುಗುವಾಗ ತಾನೇ ಇನ್ನಷ್ಟು ಬಿಗಿದುಕೊಳ್ಳುತ್ತದೆ, ಆಮೇಲೆ ಬಿಚ್ಚಲು ಹೋದರೆ ಜಪ್ಪಯ್ಯ ಅನ್ನುವುದಿಲ್ಲ. ಹೆಚ್ಚು ಬಿಗಿದರೆ ಪಿನ್ ಎಳೆದು ಉದ್ದವಾಗುತ್ತದೆ, ಬಾಕ್ಸಿನ ಬಾಯಿ ಅರಳುತ್ತದೆ.

ಕೊರೆಯುವ ಬಿಟ್ಟಿನ ಮೇಲೆ ಭಾರಕ್ಕೆಂದು ಹಾಕುವ ದಪ್ಪ ಪೈಪುಗಳು ಡ್ರಿಲ್ ಕಾಲರುಗಳು. ಅವುಗಳಲ್ಲಿ ಆಗುವ ಮುರಿತ ಸಾಮಾನ್ಯವಾಗಿ ಲೋಹದ ಬಳಲಿಕೆಯದ್ದು. ತಂತಿಯನ್ನು ಅತ್ತಿತ್ತ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಹಾಗೆ. ಬಾವಿ ಬಾಗಿದಲ್ಲಿ ಪ್ರತಿ ಸುತ್ತಿಗೂ ಜೋಡಣೆ ಬಗ್ಗುತ್ತದೆ, ಬಿರುಕು ಹುಟ್ಟುವುದು ಹೆಚ್ಚಾಗಿ ಕೊನೆಯ ಪಿರಿಯ ಬುಡದಲ್ಲಿ. ಕಣ್ಣಿಗೆ ಕಾಣದು, ಮ್ಯಾಗ್ನೆಟಿಕ್ ಪರೀಕ್ಷೆಯೇ ಆಗಬೇಕು.

ಕೇಸಿಂಗಿನಲ್ಲಿ ಬಟ್ರೆಸ್ ಎಂಬ ಬಗೆಯ ಥ್ರೆಡ್ ಇದ್ದರೆ ಪೈಪಿನ ಮೇಲೆ ತ್ರಿಕೋನದ ಗುರುತು ಇರುತ್ತದೆ. ಎರಡು ಪೈಪುಗಳನ್ನು ಜೋಡಿಸುವ ಕಪ್ಲಿಂಗ್ ಆ ಗುರುತಿನ ಬುಡದವರೆಗೆ ಬಂದಿದೆಯೇ ನೋಡಬೇಕು, ಟಾರ್ಕ್ ಒಂದನ್ನೇ ನಂಬಬಾರದು. ಎಣ್ಣೆ ಮೇಲೆ ಬರುವ ಟ್ಯೂಬಿಂಗ್ ಪೈಪು ಕ್ರೋಮ್ ಉಕ್ಕಿನದ್ದಾದರೆ ಮಹಾ ನಾಜೂಕು. ನೇರ ಇಳಿಸಿ, ಮೊದಲ ಸುತ್ತುಗಳನ್ನು ನಿಧಾನ ತಿರುಗಿಸದಿದ್ದರೆ ಲೋಹಕ್ಕೆ ಲೋಹ ಕಚ್ಚಿ ಪಿರಿ ಸುಲಿದು ಬರುತ್ತದೆ.

ತಮ್ಮನಿಗೆ ಇನ್ನೊಂದು ಹೇಳಿ. ಮೂರು ಪೈಪುಗಳನ್ನು ಬಿಚ್ಚದೆ ಒಟ್ಟಿಗೆ, ಅಂದರೆ ಒಂದು ಸ್ಟ್ಯಾಂಡ್ ಆಗಿ, ಮೇಲೆಳೆಯುವಾಗ ಪ್ರತಿ ಸಲವೂ ಒಂದೇ ಜೋಡಣೆ ಬಿಚ್ಚುವುದು ಸೋಮಾರಿಗಳ ಕ್ರಮ. ಪೈಪುಗಳನ್ನೆಲ್ಲ ಮೇಲೆಳೆದು ಮತ್ತೆ ಇಳಿಸುವ ಒಂದೊಂದು ಟ್ರಿಪ್ಪಿಗೆ ಒಂದೊಂದನ್ನು ಬಿಚ್ಚಿದರೆ ಮೂರು ಟ್ರಿಪ್ಪಿನಲ್ಲಿ ಎಲ್ಲ ಭುಜಗಳೂ ಕಣ್ಣಿಗೆ ಬೀಳುತ್ತವೆ. ಗೀರು ಕಂಡರೆ ಪೈಪಿಗೆ ಬಣ್ಣ ಬಳಿದು ಪಕ್ಕಕ್ಕೆ ಹಾಕಲಿ. ಡ್ರಿಲ್ಲರ್ ಬೈದರೆ ಬೈಯಲಿ.