‘ಡ್ಯೂ ಟು’ ಆದಮೇಲೆ ಏನು ಬರಬೇಕು?

ಪ್ರಶ್ನೆ: ಬಿ.ಕಾಂ. ಮುಗಿಸಿ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೇನೆ. ರಜೆ ಅರ್ಜಿಯಲ್ಲಿ ‘ಡ್ಯೂ ಟು ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್’ ಎಂದು ಬರೆದಿದ್ದೆ, ಮ್ಯಾನೇಜರ್ ಕೆಂಪು ಗೆರೆ ಎಳೆದು ವಾಪಸ್ ಕೊಟ್ಟರು. ಡ್ಯೂ ಟು, ಓಯಿಂಗ್ ಟು, ಆನ್ ಅಕೌಂಟ್ ಆಫ್, ಇನ್ ವ್ಯೂ ಆಫ್ ಎಲ್ಲದಕ್ಕೂ ಅರ್ಥ ‘ಕಾರಣದಿಂದ’ ಅಂತಲೇ ಅಲ್ವಾ? ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ನೀವು ಆರಿಸಿದ ಪದ ತಪ್ಪಲ್ಲ, ಅದರ ಮುಂದೆ ಬರೆದದ್ದು ತಪ್ಪು. ಡ್ಯೂ ಟು ಆದಮೇಲೆ ನಾಮಪದ ಬರಬೇಕು. ‘ಡ್ಯೂ ಟು ಫೀವರ್’ ಸರಿ. ‘ಐ ಆ್ಯಮ್ ಸಫರಿಂಗ್’ ಅಂತ ಪೂರ್ತಿ ವಾಕ್ಯ ಬಂದರೆ ಅದರ ಹಿಂದೆ ಬಿಕಾಸ್, ಆ್ಯಸ್ ಅಥವಾ ಸಿನ್ಸ್ ಇರಬೇಕು. ನೀವು ಹೆಸರಿಸಿದ ನಾಲ್ಕಕ್ಕೂ ಇದೇ ನಿಯಮ.

ಈ ತಪ್ಪು ನಮ್ಮವರಲ್ಲಿ ಜಾಸ್ತಿ, ಅದಕ್ಕೆ ಕಾರಣ ಕನ್ನಡದಲ್ಲೇ ಇದೆ. ನಾವು ‘ಜ್ವರದಿಂದ’ ಅಂತೀವಿ, ‘ಜ್ವರ ಬಂದದ್ದರಿಂದ’ ಅಂತಲೂ ಅಂತೀವಿ. ‘ಮಳೆಯ ಕಾರಣ’ ಆಗುತ್ತದೆ, ‘ಮಳೆ ಬಂದ ಕಾರಣ’ವೂ ಆಗುತ್ತದೆ. ‘ಬಂದದ್ದು’ ಎಂದ ಕೂಡಲೇ ಇಡೀ ಮಾತು ನಾಮಪದದ ಹಾಗಾಗಿ ‘ಇಂದ’ ಅದಕ್ಕೆ ಸಲೀಸಾಗಿ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಈ ಸೌಲಭ್ಯ ಇಲ್ಲ, ನಾಮಪದಕ್ಕೆ ಬಿಕಾಸ್ ಆಫ್, ವಾಕ್ಯಕ್ಕೆ ಬರೀ ಬಿಕಾಸ್. ತಲೆಯಲ್ಲಿ ‘ಜ್ವರ ಬಂದ ಕಾರಣ’ ಅಂತ ಓಡುತ್ತಿರುವಾಗ ‘ಕಾರಣ’ಕ್ಕೆ ಡ್ಯೂ ಟು ಹಾಕಿ, ‘ಜ್ವರ ಬಂದ’ ಅನ್ನುವುದನ್ನು ವಾಕ್ಯವಾಗಿಯೇ ಬಿಟ್ಟುಬಿಡುತ್ತೇವೆ. ಇದು ದಡ್ಡತನ ಅಲ್ಲ, ನೊಂದುಕೊಳ್ಳಬೇಡಿ.

ಡ್ಯೂ ಟು, ಓಯಿಂಗ್ ಟು ನಡುವೆ ಒಂದು ಹಳೆಯ ಜಗಳ ಇದೆ. ಡ್ಯೂ ವಿಶೇಷಣ, ಅದು ಒಂದು ನಾಮಪದವನ್ನು ವರ್ಣಿಸಬೇಕು, ಹಾಗಾಗಿ ‘ದ ಡಿಲೇ ವಾಸ್ ಡ್ಯೂ ಟು ರೇನ್’ ಸರಿ, ‘ಡ್ಯೂ ಟು ರೇನ್, ದ ಟ್ರೇನ್ ವಾಸ್ ಲೇಟ್’ ಅನ್ನಬಾರದು, ಅಲ್ಲಿ ಓಯಿಂಗ್ ಟು ಬೇಕು ಅನ್ನುವುದು ಹಳಬರ ವಾದ. ಇಂಗ್ಲಿಷ್ ಭಾಷಾತಜ್ಞ ಫೌಲರ್ ಕೂಡ 1926ರಲ್ಲಿ ಬಂದ ತಮ್ಮ ಪ್ರಸಿದ್ಧ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ಡ್ಯೂ ಟುವಿನ ಈ ಎರಡನೆಯ ಬಳಕೆಯನ್ನು ವಿರೋಧಿಸಿದ್ದರು. ಇವತ್ತು ಎಲ್ಲರೂ ಎರಡೂ ರೀತಿ ಬರೆಯುತ್ತಾರೆ, ನನ್ನ ಪ್ರಕಾರ ಅದರಲ್ಲಿ ತಪ್ಪಿಲ್ಲ. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು ಮಾತ್ರ ಹಳೆಯ ನಿಯಮವನ್ನು ತಿಳಿದಿರುವುದು ಒಳ್ಳೆಯದು.

ನೀವು ಕೇಳಿದ ಉಳಿದವುಗಳಲ್ಲಿ, ಕೇಳದ ಇಂಥ ಇನ್ನು ಕೆಲವುಗಳಲ್ಲಿ ವ್ಯತ್ಯಾಸ ನಿಜವಾಗಿಯೂ ಇದೆ. ಆನ್ ಗ್ರೌಂಡ್ಸ್ ಆಫ್ ಅಂದರೆ ಯಾರೋ ಒಂದು ತೀರ್ಮಾನ ಮಾಡಿದ್ದಾರೆ, ಅದಕ್ಕೆ ಇದು ಆಧಾರ ಅಂತ. ನಮ್ಮ ಸಂವಿಧಾನದ 15ನೇ ವಿಧಿ ನೋಡಿ, ‘ಆನ್ ಗ್ರೌಂಡ್ಸ್ ಓನ್ಲಿ ಆಫ್’ ಎಂದು ಶುರುಮಾಡಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವನ್ನು ಹೇಳುತ್ತದೆ, ಇವುಗಳ ಆಧಾರದ ಮೇಲೆ ಪ್ರಭುತ್ವ ಭೇದ ಮಾಡುವ ಹಾಗಿಲ್ಲ. ಅಲ್ಲಿ ಡ್ಯೂ ಟು ಹಾಕಿ ನೋಡಿ, ಭೇದ ತಾನಾಗಿಯೇ ನಡೆದುಹೋಯಿತು, ಮಾಡಿದವರು ಯಾರೂ ಇಲ್ಲ ಅನ್ನುವ ಹಾಗೆ ಕೇಳುತ್ತದೆ. ಅದಕ್ಕೇ ರಸ್ತೆ ಮಳೆಯಿಂದ ಕೊಚ್ಚಿಹೋದರೆ ಡ್ಯೂ ಟು, ಅರ್ಜಿ ವಯಸ್ಸಿನ ಆಧಾರದ ಮೇಲೆ ತಿರಸ್ಕಾರವಾದರೆ ಆನ್ ಗ್ರೌಂಡ್ಸ್ ಆಫ್. 65ನೇ ವಿಧಿಯಲ್ಲಿ ರಾಷ್ಟ್ರಪತಿ ಹುದ್ದೆ ಸಾವು, ರಾಜೀನಾಮೆ, ಪದಚ್ಯುತಿಯಿಂದ ತೆರವಾಗುವುದಕ್ಕೆ ಬೈ ರೀಸನ್ ಆಫ್ ಎಂದಿದೆ. ಅದು ಕಾನೂನಿನ ಭಾಷೆ, ರಜೆ ಅರ್ಜಿಗೆ ಬೇಡ.

ಇನ್ ವ್ಯೂ ಆಫ್ ಅಂದರೆ ‘ಇದನ್ನು ಗಮನದಲ್ಲಿಟ್ಟುಕೊಂಡು’. ಮಳೆ ಮುನ್ಸೂಚನೆ ನೋಡಿ ಶಾಲೆಗೆ ರಜೆ ಕೊಡುವ ಆದೇಶಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಬೈ ವರ್ಚ್ಯೂ ಆಫ್ ಅನ್ನುವುದು ಅಧಿಕಾರ, ಅರ್ಹತೆಯ ಮಾತು: ಉಪರಾಷ್ಟ್ರಪತಿ ಆ ಹುದ್ದೆಯ ಬಲದಿಂದಲೇ ರಾಜ್ಯಸಭೆಯ ಸಭಾಪತಿ. ಫಾರ್ ವಾಂಟ್ ಆಫ್ ಬರುವುದು ಇಲ್ಲದ್ದಕ್ಕೆ. ಸಾಕ್ಷ್ಯ ಇಲ್ಲದೆ ಕೇಸು ಬಿದ್ದುಹೋದಾಗ ‘ಫಾರ್ ವಾಂಟ್ ಆಫ್ ಎವಿಡೆನ್ಸ್’. ಆನ್ ಅಕೌಂಟ್ ಆಫ್‌ಗೆ ಹೆಚ್ಚು ವಿವರಣೆ ಬೇಡ, ಅದು ಬಿಕಾಸ್ ಆಫ್‌ಗಿಂತ ಸ್ವಲ್ಪ ಗಂಭೀರ, ಅಷ್ಟೇ.

ನೀವು ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ‘ತಂಗಿಯ ಮದುವೆ ನಿಮಿತ್ತ’ ಅನ್ನುವುದನ್ನು ‘ಡ್ಯೂ ಟು ಮೈ ಸಿಸ್ಟರ್ ಮ್ಯಾರೇಜ್’ ಎಂದು ಬರೆಯುವವರು ಬಹಳ. ನಿಮಿತ್ತ ಅನ್ನುವುದರಲ್ಲಿ ಕಾರಣವೂ ಇದೆ, ಉದ್ದೇಶವೂ ಇದೆ, ಆದರೆ ಡ್ಯೂ ಟು ಕಾರಣವನ್ನಷ್ಟೇ ಹೇಳುತ್ತದೆ. ಮದುವೆಗೆ ಹೋಗಲು ರಜೆ ಬೇಕಾದರೆ ‘ಟು ಅಟೆಂಡ್ ಮೈ ಸಿಸ್ಟರ್ಸ್ ವೆಡ್ಡಿಂಗ್’ ಅನ್ನಿ. ನಿಮ್ಮ ಜ್ವರದ ಅರ್ಜಿಗೆ ಇಷ್ಟು ಸಾಕು: ‘ಆ್ಯಸ್ ಐ ಹ್ಯಾವ್ ಫೀವರ್, ಪ್ಲೀಸ್ ಗ್ರಾಂಟ್ ಮಿ ಲೀವ್ ಟುಡೇ’.